ಎರಡು ನಗರಗಳ ನಡುವಿನ ದೂರ ಮತ್ತು ವಿಮಾನ ಪ್ರಯಾಣದ ಸಮಯ: ಹಂತ ಹಂತವಾಗಿ ಲೆಕ್ಕ ಹಾಕುವ ಕ್ರಮ

ಯಾವುದೇ ಎರಡು ನಗರಗಳ ನಡುವಿನ ದೂರವನ್ನು ಮೂರು ಕಡೆ ಹುಡುಕಿದರೆ ಮೂರು ಅಂಕಿಗಳು ಸಿಗುತ್ತವೆ. ಪ್ರಯಾಣದ ಸಮಯವಂತೂ ಹೋಗುವಾಗ ಒಂದು, ಬರುವಾಗ ಇನ್ನೊಂದು ಇರುತ್ತದೆ. ಟಿಕೆಟ್ಟಿನಲ್ಲಿ ಅಚ್ಚಾದ ಹೊರಡುವ ಮತ್ತು ತಲುಪುವ ವೇಳೆಗಳನ್ನು ಕಳೆದು ನೋಡಿದರೆ ಇವೆರಡಕ್ಕೂ ಹೊಂದದ ಮೂರನೆಯ ಉತ್ತರ ಬರುತ್ತದೆ. ಲೆಕ್ಕ ತಪ್ಪುವವರಲ್ಲಿ ಹೆಚ್ಚಿನವರಿಗೆ ಗಣಿತ ಬರುವುದಿಲ್ಲವೆಂದಲ್ಲ. ಅವರು ಹಂತಗಳ ಕ್ರಮವನ್ನು ಕಲಸಿಬಿಡುತ್ತಾರೆ. ನಕ್ಷೆಯ ಮೇಲೆ ಗೆರೆ ಎಳೆಯುವುದು ಒಂದು ಕೆಲಸ, ವಿಮಾನ ನಿಜವಾಗಿ ಹಾರುವ ದಾರಿಯನ್ನು ಅಂದಾಜಿಸುವುದು ಇನ್ನೊಂದು, ಗಡಿಯಾರದ ವೇಳೆಯನ್ನು ಹೊಂದಿಸುವುದು ಮತ್ತೊಂದು. ಒಂದು ಮುಗಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು.

ಇನ್ನೊಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ದೂರವನ್ನು ಕಿಲೋಮೀಟರಿನಷ್ಟು ನಿಖರವಾಗಿ ತಿಳಿಯಬಹುದು, ಆದರೆ ಸಮಯವನ್ನು ಹಾಗೆ ತಿಳಿಯಲಾಗದು. ಆದ್ದರಿಂದ ದೂರವನ್ನು ಒಂದೇ ಅಂಕಿಯಾಗಿಯೂ ಸಮಯವನ್ನು ಒಂದು ವ್ಯಾಪ್ತಿಯಾಗಿಯೂ ಬರೆದುಕೊಳ್ಳುವುದು ಸರಿಯಾದ ಪದ್ಧತಿ.

## ಬೇಕಾಗುವ ಸಾಧನಗಳು

ಒಂದು ಸ್ಪ್ರೆಡ್‌ಶೀಟ್ ಅಥವಾ ಸೈನ್, ಕೊಸೈನ್ ಇರುವ ಕ್ಯಾಲ್ಕುಲೇಟರ್, ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶ, ಎರಡೂ ಊರುಗಳ ಸಮಯವಲಯ, ಹಾಗೂ ಪ್ರಯಾಣದ ದಿನಾಂಕ ಇವಿಷ್ಟಿದ್ದರೆ ಸಾಕು. ದಿನಾಂಕ ಏಕೆ ಬೇಕೆಂಬುದು ಏಳನೆಯ ಹಂತದಲ್ಲಿ ತಿಳಿಯುತ್ತದೆ. ಅದಿಲ್ಲದೆ ಆರಂಭಿಸಿದರೆ ಒಂದು ಗಂಟೆಯ ತಪ್ಪು ಸದ್ದಿಲ್ಲದೆ ಒಳಗೆ ಸೇರಿಕೊಳ್ಳಬಹುದು. ಮನೆಯಲ್ಲಿ ಭೂಗೋಳದ ಮಾದರಿ (ಗ್ಲೋಬ್) ಇದ್ದರೆ ಅದನ್ನೂ ಒಂದು ತುಂಡು ದಾರವನ್ನೂ ಜೊತೆಗೆ ಇಟ್ಟುಕೊಳ್ಳಿ. ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅತಿ ಕಡಿಮೆ ದೂರದ ದಾರಿ ಯಾವ ಪ್ರದೇಶಗಳ ಮೇಲೆ ಹಾದುಹೋಗುತ್ತದೆ ಎಂಬುದು ಯಾವ ಸೂತ್ರವೂ ಇಲ್ಲದೆ ಕಣ್ಣಿಗೆ ಕಾಣುತ್ತದೆ.

## ಹಂತ 1: ಎರಡು ಬಿಂದುಗಳನ್ನು ಖಚಿತಪಡಿಸಿಕೊಳ್ಳಿ

ನಗರ ಎಂಬುದು ಒಂದು ಬಿಂದುವಲ್ಲ. ನಗರದ ಹೆಸರನ್ನಷ್ಟೇ ಕೊಟ್ಟರೆ ಹೆಚ್ಚಿನ ಜಾಲತಾಣಗಳು ನಗರದ ಮಧ್ಯಭಾಗದಿಂದ ಮಧ್ಯಭಾಗಕ್ಕೆ ದೂರ ಹೇಳುತ್ತವೆ. ವಿಮಾನವಾದರೋ ನಿಲ್ದಾಣದಿಂದ ನಿಲ್ದಾಣಕ್ಕೆ ಹಾರುತ್ತದೆ. ಟೋಕಿಯೋದ ನರೀಟಾ ನಿಲ್ದಾಣ ನಗರದ ನಡುಭಾಗದಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ, ಹನೇಡಾ ನಗರದೊಳಗೇ ಇದೆ. ಲಂಡನ್ ನಗರಕ್ಕೆ ಹೀಥ್ರೂ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಲಂಡನ್ ಸಿಟಿ ಎಂದು ಹಲವು ನಿಲ್ದಾಣಗಳಿವೆ. ಆದ್ದರಿಂದ ಮೊದಲು ನಿಲ್ದಾಣದ ಹೆಸರನ್ನೂ ಅದರ ಮೂರು ಅಕ್ಷರದ ಸಂಕೇತವನ್ನೂ ಬರೆದುಕೊಳ್ಳಿ. ಸಂಕೇತದಲ್ಲಿಯೂ ಎಚ್ಚರ ಬೇಕು: ಎಲ್‌ಒಎನ್ ಎಂಬುದು ಇಡೀ ಲಂಡನ್ ನಗರದ ಸಂಕೇತ, ಎಲ್‌ಎಚ್‌ಆರ್ ಎಂಬುದು ಹೀಥ್ರೂ ಒಂದರದೇ ಸಂಕೇತ. ಮೊದಲನೆಯದನ್ನು ಬಳಸಿದರೆ ಯಾವ ನಿಲ್ದಾಣದ ಲೆಕ್ಕ ಬಂತೆಂದು ಹೇಳಲಾಗದು.

ಒಂದೇ ಹೆಸರಿನ ಬೇರೆ ಊರುಗಳು ಇನ್ನೂ ದೊಡ್ಡ ಗೊಂದಲ ಮಾಡುತ್ತವೆ. ಸಿಡ್ನಿ ಆಸ್ಟ್ರೇಲಿಯದಲ್ಲಿದೆ, ಕೆನಡಾದ ನೋವಾ ಸ್ಕೋಶಿಯಾದಲ್ಲಿಯೂ ಇದೆ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲಿದೆ, ಅಮೆರಿಕದ ಅಲಬಾಮಾದಲ್ಲಿಯೂ ಇದೆ. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲೊಂದು, ಕೋಸ್ಟರೀಕದಲ್ಲೊಂದು. ಹುಡುಕಾಟದ ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿದಾಗ ಮೊದಲು ಮೂಡುವ ಸಲಹೆಯನ್ನು ಕಣ್ಣುಮುಚ್ಚಿ ಒತ್ತಬಾರದು. ಹೆಸರಿನ ಪಕ್ಕದಲ್ಲಿರುವ ದೇಶವನ್ನು ಓದಿದ ಮೇಲೆಯೇ ಮುಂದುವರಿಯಬೇಕು.

## ಹಂತ 2: ಅಕ್ಷಾಂಶ ರೇಖಾಂಶಗಳನ್ನು ಒಂದೇ ರೂಪಕ್ಕೆ ತನ್ನಿ

ನಿರ್ದೇಶಾಂಕಗಳು ಕೆಲವೊಮ್ಮೆ ಡಿಗ್ರಿ ಮತ್ತು ನಿಮಿಷಗಳಲ್ಲಿ, ಕೆಲವೊಮ್ಮೆ ದಶಮಾಂಶದಲ್ಲಿ ಸಿಗುತ್ತವೆ. ಲೆಕ್ಕಕ್ಕೆ ಬೇಕಾದದ್ದು ದಶಮಾಂಶ ರೂಪ. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. 51 ಡಿಗ್ರಿ 28 ನಿಮಿಷ ಎಂದರೆ 51.467, ಅದನ್ನು 51.28 ಎಂದು ಬರೆದುಬಿಟ್ಟರೆ ಬಿಂದುವು ಸುಮಾರು 21 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ. ಈ ತಪ್ಪು ಅಪಾಯಕಾರಿಯಾಗುವುದು ಉತ್ತರ ನೋಡಲು ಸಹಜವಾಗಿಯೇ ಇರುತ್ತದೆಂಬ ಕಾರಣಕ್ಕೆ.

ಉತ್ತರ ಮತ್ತು ಪೂರ್ವಕ್ಕೆ ಧನ ಚಿಹ್ನೆ, ದಕ್ಷಿಣ ಮತ್ತು ಪಶ್ಚಿಮಕ್ಕೆ ಋಣ ಚಿಹ್ನೆ. ಒಂದು ಋಣ ಚಿಹ್ನೆ ಬಿಟ್ಟುಹೋದರೆ ನ್ಯೂಯಾರ್ಕ್ ನಗರ ಮಧ್ಯ ಏಷ್ಯಾಕ್ಕೆ ಹೋಗಿ ಕೂರುತ್ತದೆ. ನಿರ್ದೇಶಾಂಕವನ್ನು ನಕ್ಷೆಯ ಹುಡುಕಾಟದಲ್ಲಿ ಒಮ್ಮೆ ಅಂಟಿಸಿ, ಅದು ರನ್‌ವೇಗಳ ಮೇಲೆಯೇ ಬಂದು ನಿಲ್ಲುತ್ತದೆಯೇ ಎಂದು ನೋಡಿದರೆ ಈ ಎರಡೂ ತಪ್ಪುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ.

## ಹಂತ 3: ನೇರ ದೂರವನ್ನು ಲೆಕ್ಕ ಹಾಕಿ

ಇಲ್ಲಿ ನೇರ ದೂರ ಎಂದರೆ ಭೂಮಿಯ ಮೇಲ್ಮೈಯಲ್ಲಿ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ, ಅಂದರೆ ಮಹಾವೃತ್ತದ ದೂರ. ಚಪ್ಪಟೆ ನಕ್ಷೆಯಲ್ಲಿ ಸ್ಕೇಲು ಇಟ್ಟು ಅಳೆದರೆ ಈ ದೂರ ಸಿಗುವುದಿಲ್ಲ. ನಮಗೆ ಪರಿಚಿತವಾದ ಮರ್ಕೇಟರ್ ನಕ್ಷೆಯಲ್ಲಿ ಧ್ರುವಗಳ ಕಡೆಗೆ ಹೋದಂತೆಲ್ಲ ಎಲ್ಲವೂ ಹಿಗ್ಗುತ್ತದೆ. ಸಮಭಾಜಕದ ಮೇಲೆ ಒಂದು ಡಿಗ್ರಿ ರೇಖಾಂಶ ಸುಮಾರು 111 ಕಿ.ಮೀ. ಇದ್ದರೆ, 60 ಡಿಗ್ರಿ ಅಕ್ಷಾಂಶದಲ್ಲಿ ಅದು ಅರ್ಧದಷ್ಟೇ ಆಗುತ್ತದೆ. ನಕ್ಷೆ ಮಾತ್ರ ಎರಡನ್ನೂ ಒಂದೇ ಅಗಲಕ್ಕೆ ತೋರಿಸುತ್ತದೆ.

ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್ ಎರಡೂ ಸರಿಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ನಕ್ಷೆಯಲ್ಲಿ ಕಾಣುವಂತೆ ಆ ಅಕ್ಷಾಂಶದ ಗೆರೆಯನ್ನೇ ಹಿಡಿದು ಪಶ್ಚಿಮಕ್ಕೆ ಹೋದರೆ ಸುಮಾರು 5,940 ಕಿ.ಮೀ. ಆಗುತ್ತದೆ. ಉತ್ತರಕ್ಕೆ ಬಾಗಿದಂತೆ ಕಾಣುವ ಮಹಾವೃತ್ತದ ದಾರಿಯಲ್ಲಿ ಸುಮಾರು 5,770 ಕಿ.ಮೀ. ಸಾಕು. ವಿಮಾನದೊಳಗಿನ ಪರದೆಯಲ್ಲಿ ದಾರಿ ಬಿಲ್ಲಿನಂತೆ ಬಾಗಿರುವುದನ್ನು ನೋಡಿ ಸುತ್ತು ಹಾಕುತ್ತಿದ್ದಾರೆಂದು ಭಾವಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಲೆಕ್ಕಕ್ಕೆ ಹ್ಯಾವರ್‌ಸೈನ್ ಸೂತ್ರವನ್ನು ಬಳಸಿ:

ಅ = ಸೈನ್²(ಅಕ್ಷಾಂಶಗಳ ವ್ಯತ್ಯಾಸ ÷ 2) + ಕೊಸೈನ್(ಮೊದಲ ಅಕ್ಷಾಂಶ) × ಕೊಸೈನ್(ಎರಡನೆಯ ಅಕ್ಷಾಂಶ) × ಸೈನ್²(ರೇಖಾಂಶಗಳ ವ್ಯತ್ಯಾಸ ÷ 2)

ದೂರ = 2 × 6371 × ಆರ್ಕ್‌ಸೈನ್(√ಅ)

6371 ಎಂಬುದು ಭೂಮಿಯ ಸರಾಸರಿ ತ್ರಿಜ್ಯೆ, ಕಿಲೋಮೀಟರುಗಳಲ್ಲಿ. ಆರ್ಕ್‌ಸೈನ್ ಎಂದರೆ ಸೈನ್‌ನ ವಿಲೋಮ, ಸೈನ್ ಬೆಲೆಯಿಂದ ಕೋನವನ್ನು ಕೊಡುವಂಥದ್ದು. ಈಗ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಹೀಥ್ರೂ 51.47 ಉತ್ತರ, 0.45 ಪಶ್ಚಿಮದಲ್ಲಿದೆ, ನ್ಯೂಯಾರ್ಕಿನ ಜೆಎಫ್‌ಕೆ 40.64 ಉತ್ತರ, 73.78 ಪಶ್ಚಿಮದಲ್ಲಿದೆ. ಅಕ್ಷಾಂಶಗಳ ವ್ಯತ್ಯಾಸ 10.83 ಡಿಗ್ರಿ, ಅದರ ಅರ್ಧದ ಸೈನ್ ವರ್ಗ 0.0089. ರೇಖಾಂಶಗಳ ವ್ಯತ್ಯಾಸ 73.33 ಡಿಗ್ರಿ, ಅದರ ಅರ್ಧದ ಸೈನ್ ವರ್ಗ 0.3566. ಇದನ್ನು ಎರಡು ಅಕ್ಷಾಂಶಗಳ ಕೊಸೈನ್‌ಗಳಿಂದ, ಅಂದರೆ 0.6229 ಮತ್ತು 0.7588ರಿಂದ, ಗುಣಿಸಿದರೆ 0.1685. ಎರಡನ್ನೂ ಕೂಡಿದರೆ ಅ ಬೆಲೆ ಸುಮಾರು 0.1774, ಅದರ ವರ್ಗಮೂಲ 0.4212. ಇದರ ಆರ್ಕ್‌ಸೈನ್ 24.91 ಡಿಗ್ರಿ, ಕೋನವನ್ನು ಅಳೆಯುವ ಇನ್ನೊಂದು ಏಕಮಾನವಾದ ರೇಡಿಯನ್‌ನಲ್ಲಿ 0.4348. ಇದನ್ನು 2 × 6371ರಿಂದ ಗುಣಿಸಿದರೆ ಸುಮಾರು 5,540 ಕಿ.ಮೀ. ಬರುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರು ಎಡವುವುದು ಬಹುಮಟ್ಟಿಗೆ ಡಿಗ್ರಿ ಮತ್ತು ರೇಡಿಯನ್‌ಗಳ ನಡುವೆ. ಅಲ್ಲಿನ ಸೈನ್, ಕೊಸೈನ್ ಫಂಕ್ಷನ್‌ಗಳು ರೇಡಿಯನ್‌ಗಳನ್ನು ಮಾತ್ರ ಅರ್ಥಮಾಡಿಕೊಳ್ಳುತ್ತವೆ, ಆದ್ದರಿಂದ ಪ್ರತಿ ಕೋನವನ್ನೂ ರೇಡಿಯನ್ಸ್ ಫಂಕ್ಷನ್ ಮೂಲಕ ಬದಲಿಸಿಯೇ ಒಳಗೆ ಕೊಡಬೇಕು. ಹಾಗೆ ಮಾಡದಿದ್ದರೂ ಯಾವ ದೋಷದ ಸೂಚನೆಯೂ ಬರುವುದಿಲ್ಲ. ಶೂನ್ಯದಿಂದ 20,015ರವರೆಗಿನ ಯಾವುದೋ ಒಂದು ಅಂಕಿ ಬಂದು ಕೂರುತ್ತದೆ, ಅದು ಕೆಲವೊಮ್ಮೆ ನಂಬುವಂತೆಯೂ ಇರುತ್ತದೆ. ಎರಡು ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಆರ್ಕ್‌ಟ್ಯಾನ್ ಫಂಕ್ಷನ್ ಇರುವ ಸೂತ್ರವನ್ನು ಎಲ್ಲಿಂದಲಾದರೂ ನಕಲು ಮಾಡಿದ್ದರೆ ಇನ್ನೊಂದು ತೊಡಕಿದೆ: ಎಕ್ಸೆಲ್‌ನಲ್ಲಿ ಆ ಎರಡರ ಕ್ರಮವು ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳ ಕ್ರಮಕ್ಕೆ ತಿರುಗುಮುರುಗಾಗಿದೆ. ಈ ಕಾರಣಕ್ಕಾಗಿಯೇ ನಾನು ಮೇಲಿನ ಆರ್ಕ್‌ಸೈನ್ ರೂಪವನ್ನು ಸೂಚಿಸುತ್ತೇನೆ.

ನಿಮ್ಮ ನಗರಗಳನ್ನು ತುಂಬುವ ಮೊದಲು ಸೂತ್ರವನ್ನು ಪರೀಕ್ಷಿಸಿಕೊಳ್ಳಿ. ಅಕ್ಷಾಂಶ 0, ರೇಖಾಂಶ 0 ಇರುವ ಬಿಂದುವಿನಿಂದ ಅಕ್ಷಾಂಶ 0, ರೇಖಾಂಶ 90 ಇರುವ ಬಿಂದುವಿಗೆ 10,007.5 ಕಿ.ಮೀ. ಬರಲೇಬೇಕು. ಬರದಿದ್ದರೆ ಆವರಣ ಚಿಹ್ನೆಗಳನ್ನೂ ರೇಡಿಯನ್ ಬದಲಾವಣೆಯನ್ನೂ ಮತ್ತೆ ನೋಡಿ.

ಭೂಮಿ ಪೂರ್ಣ ಗೋಳವಲ್ಲದ ಕಾರಣ ಒಂದು ಸಣ್ಣ ವ್ಯತ್ಯಾಸ ಉಳಿಯುತ್ತದೆ. ಸಮಭಾಜಕದ ತ್ರಿಜ್ಯೆ 6,378 ಕಿ.ಮೀ., ಧ್ರುವದ ತ್ರಿಜ್ಯೆ 6,357 ಕಿ.ಮೀ. ಈ ಚಪ್ಪಟೆತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಉಪಕರಣಗಳು ಹೀಥ್ರೂ ಮತ್ತು ಜೆಎಫ್‌ಕೆ ನಡುವೆ ಸುಮಾರು 15 ಕಿ.ಮೀ. ಹೆಚ್ಚು ತೋರಿಸುತ್ತವೆ. ಗೋಳದ ಸೂತ್ರದ ದೋಷ ಹೆಚ್ಚೆಂದರೆ ಶೇಕಡಾ ಅರ್ಧದಷ್ಟು. ಪ್ರಯಾಣದ ಯೋಜನೆಗೆ ಅದರಿಂದ ತೊಂದರೆಯಿಲ್ಲ.

ಏಕಮಾನದ ಗೊಂದಲ ಮಾತ್ರ ದೊಡ್ಡ ತೊಂದರೆ. ಒಂದು ಮೈಲಿ 1.609 ಕಿ.ಮೀ., ಒಂದು ನಾಟಿಕಲ್ ಮೈಲಿ ನಿಖರವಾಗಿ 1.852 ಕಿ.ಮೀ. ಮೇಲಿನ ದೂರವೇ ಮೈಲಿಯಲ್ಲಿ 3,443, ನಾಟಿಕಲ್ ಮೈಲಿಯಲ್ಲಿ 2,991 ಆಗುತ್ತದೆ. ಎರಡು ಮೂಲಗಳ ಉತ್ತರಗಳನ್ನು ಒಂದರಿಂದೊಂದು ಭಾಗಿಸಿದಾಗ 1.15, 1.61 ಅಥವಾ 1.85 ಬಂದರೆ ದೂರದಲ್ಲಿ ವ್ಯತ್ಯಾಸವೇ ಇಲ್ಲ, ಏಕಮಾನ ಮಾತ್ರ ಬೇರೆ ಎಂದು ತಿಳಿಯಿರಿ.

## ಹಂತ 4: ನೇರ ದೂರವನ್ನು ನಿಜವಾದ ದಾರಿಗೆ ಹೊಂದಿಸಿ

ಯಾವ ವಿಮಾನವೂ ಮಹಾವೃತ್ತದ ಮೇಲೆ ಕೂದಲೆಳೆಯಷ್ಟು ಸರಿಯಾಗಿ ಹಾರುವುದಿಲ್ಲ. ಹೊರಡುವ ರನ್‌ವೇಯ ದಿಕ್ಕು ಗಾಳಿಗೆ ತಕ್ಕಂತೆ ಬದಲಾಗುತ್ತದೆ, ಇಳಿಯುವ ಮುನ್ನ ಸರದಿಗಾಗಿ ಸುತ್ತಬೇಕಾಗಬಹುದು, ನಡುವೆ ಗುಡುಗುಮೋಡಗಳನ್ನು ಸುತ್ತಿಬಳಸಿ ಹೋಗಬೇಕಾಗುತ್ತದೆ. ಅಂದಾಜಿಗೆ, ದೂರದ ಪ್ರಯಾಣಗಳಲ್ಲಿ ನೇರ ದೂರಕ್ಕೆ ಶೇಕಡಾ 2ರಿಂದ 5, ಐನೂರು ಕಿ.ಮೀ.ಗಿಂತ ಕಡಿಮೆಯ ಪ್ರಯಾಣಗಳಲ್ಲಿ ಶೇಕಡಾ 10 ಅಥವಾ ಅದಕ್ಕಿಂತ ತುಸು ಹೆಚ್ಚು ಸೇರಿಸಬಹುದು.

ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ದಾರಿಗಳ ಒಂದು ಗುಚ್ಛವನ್ನು ಗಾಳಿಯ ಮುನ್ಸೂಚನೆಯ ಆಧಾರದಲ್ಲಿ ದಿನಕ್ಕೆ ಎರಡು ಬಾರಿ ಹೊಸದಾಗಿ ನಿಗದಿಪಡಿಸುತ್ತಾರೆ. ಪೂರ್ವಕ್ಕೆ ಹೋಗುವ ದಾರಿಗಳು ಬಲವಾದ ಗಾಳಿಯನ್ನು ಹಿಡಿಯುವಂತೆ, ಪಶ್ಚಿಮಕ್ಕೆ ಹೋಗುವವು ಅದನ್ನು ತಪ್ಪಿಸುವಂತೆ ಇರುತ್ತವೆ. ಹಾಗಾಗಿ ಉದ್ದದ ದಾರಿಯೇ ಬೇಗ ತಲುಪಿಸುವ ದಾರಿಯೂ ಆಗಿರಬಹುದು.

ಶೇಕಡಾವಾರು ಸೇರಿಸಿದರೆ ಸಾಲದ ಎರಡು ಸಂದರ್ಭಗಳಿವೆ. ಮೊದಲನೆಯದು ಮುಚ್ಚಿದ ವಾಯುಪ್ರದೇಶ. ಹೆಲ್ಸಿಂಕಿ ಮತ್ತು ಟೋಕಿಯೋ ನಡುವಿನ ನೇರ ದೂರ ಸುಮಾರು 7,800 ಕಿ.ಮೀ. 2022ರಲ್ಲಿ ರಷ್ಯಾದ ವಾಯುಪ್ರದೇಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ, ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿದ್ದ ಆ ಪ್ರಯಾಣ ಸುಮಾರು 13 ಗಂಟೆಗೆ ಏರಿತು. ಊರುಗಳು ಅಲ್ಲಿಯೇ ಇವೆ, ನೇರ ದೂರವೂ ಅಷ್ಟೇ ಇದೆ, ದಾರಿ ಮಾತ್ರ ಬದಲಾಯಿತು. ಎರಡನೆಯದು ಎತ್ತರದ ನೆಲ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ ಸುಮಾರು 10,000 ಅಡಿಗೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಬಹುಪಾಲು ಅದಕ್ಕಿಂತ ಎತ್ತರದಲ್ಲಿದೆ. ಪ್ರಯಾಣಿಕರ ಆಮ್ಲಜನಕದ ಮುಖವಾಡಗಳು ಕೆಲವೇ ನಿಮಿಷಗಳ ಮಟ್ಟಿಗಿನವು, ಆದ್ದರಿಂದ ಹೆಚ್ಚಿನ ವಿಮಾನಗಳು ಆ ಪ್ರದೇಶವನ್ನು ಸುತ್ತಿಬಳಸಿ ಹೋಗುತ್ತವೆ. ನಿಮ್ಮ ಮಹಾವೃತ್ತದ ಗೆರೆ ಯುದ್ಧಪ್ರದೇಶದ ಮೇಲೋ ಇಂಥ ಎತ್ತರದ ನೆಲದ ಮೇಲೋ ಹಾದುಹೋಗುತ್ತಿದ್ದರೆ, ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಂಥ ತಾಣದಲ್ಲಿ ಅದೇ ವಿಮಾನದ ಹಿಂದಿನ ದಿನಗಳ ದಾರಿಯನ್ನು ನೋಡಿ, ಆ ದೂರವನ್ನೇ ಬಳಸಿ.

ರಸ್ತೆಯ ದೂರ ಬೇಕಾದವರಿಗೆ ಈ ಹಂತ ಅನ್ವಯಿಸುವುದಿಲ್ಲ. ಲಂಡನ್ ಮತ್ತು ಪ್ಯಾರಿಸ್ ನಡುವೆ ನೇರ ದೂರ ಸುಮಾರು 344 ಕಿ.ಮೀ., ರಸ್ತೆಯಲ್ಲಿ ಸುಮಾರು 460 ಕಿ.ಮೀ. ರಸ್ತೆಯ ದೂರವನ್ನು ವಿಮಾನದ ವೇಗದಿಂದ ಭಾಗಿಸುವುದು ನಾನು ಕಾಣುವ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು.

## ಹಂತ 5: ವೇಗವನ್ನು ನಿರ್ಧರಿಸಿ, ಗಾಳಿಯನ್ನು ಸೇರಿಸಿ

ಮೊದಲು ಯಾವ ಬಗೆಯ ವಿಮಾನ ಎಂದು ನೋಡಿ. ಬೋಯಿಂಗ್ 787 ಮತ್ತು ಏರ್‌ಬಸ್ ಎ350 ವಿಮಾನಗಳು ಮ್ಯಾಕ್ 0.85ರ (ಅಂದರೆ ಶಬ್ದದ ವೇಗದ 0.85 ಪಟ್ಟಿನ) ಸುಮಾರಿನಲ್ಲಿ, ಏರ್‌ಬಸ್ ಎ320 ಬಳಗದವು ಮ್ಯಾಕ್ 0.78ರ ಸುಮಾರಿನಲ್ಲಿ ಹಾರುತ್ತವೆ. ಹಾರಾಟದ ಎತ್ತರದಲ್ಲಿ ಹೊರಗಿನ ತಾಪಮಾನ ಮೈನಸ್ 56 ಡಿಗ್ರಿ ಸೆಲ್ಸಿಯಸ್‌ನ ಹತ್ತಿರವಿರುತ್ತದೆ, ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ಹಾಗಾಗಿ ಮೊದಲನೆಯ ಗುಂಪಿಗೆ ಗಂಟೆಗೆ 900 ಕಿ.ಮೀ., ಎರಡನೆಯದಕ್ಕೆ 830 ಕಿ.ಮೀ. ಎಂದಿಟ್ಟುಕೊಳ್ಳಬಹುದು. ಸಣ್ಣ ಊರುಗಳ ನಡುವೆ ಹಾರುವ ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನಕ್ಕೆ ಸುಮಾರು 500 ಕಿ.ಮೀ. ಮಾತ್ರ, ಇದನ್ನು ಗಮನಿಸದೆ ಜೆಟ್ ವೇಗವನ್ನೇ ಹಾಕುವವರ ಲೆಕ್ಕ ತೀರಾ ಕಡಿಮೆ ಬರುತ್ತದೆ.

ಇದು ಗಾಳಿಗೆ ಹೋಲಿಸಿದ ವೇಗ. ನಮಗೆ ಬೇಕಾದದ್ದು ನೆಲಕ್ಕೆ ಹೋಲಿಸಿದ ವೇಗ. ಗಾಳಿ ಹಿಂದಿನಿಂದ ಬೀಸಿದರೆ ಅದರ ವೇಗವನ್ನು ಕೂಡಿಸಬೇಕು, ಎದುರಿನಿಂದ ಬೀಸಿದರೆ ಕಳೆಯಬೇಕು. ಆಸನದ ಮುಂದಿನ ಪರದೆಯಲ್ಲಿ ಕೆಲವೊಮ್ಮೆ ಗಂಟೆಗೆ 1,100 ಕಿ.ಮೀ. ಎಂದು ಕಾಣಿಸಿದಾಗ ವಿಮಾನ ಶಬ್ದದ ವೇಗವನ್ನು ದಾಟಿತೆಂದು ಅರ್ಥವಲ್ಲ. ಸುತ್ತಲಿನ ಗಾಳಿಯೇ ಅದನ್ನು ಹೊತ್ತು ಮುಂದೆ ಸಾಗುತ್ತಿದೆ ಎಂದರ್ಥ.

ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿಯೇ, ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಅದು ಹೆಚ್ಚು ಬಲಗೊಳ್ಳುತ್ತದೆ. 2020ರ ಫೆಬ್ರುವರಿಯಲ್ಲಿ ಸಿಯಾರಾ ಬಿರುಗಾಳಿಯ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕಿನಿಂದ ಲಂಡನ್‌ಗೆ 4 ಗಂಟೆ 56 ನಿಮಿಷಗಳಲ್ಲಿ ತಲುಪಿತ್ತು. ಇದನ್ನು ಅಪವಾದವೆಂದೇ ಇಟ್ಟುಕೊಳ್ಳಬೇಕು, ಯೋಜನೆಗೆ ಆಧಾರವಾಗಿ ಅಲ್ಲ. ಉತ್ತರ ದಕ್ಷಿಣವಾಗಿ ಹಾರುವ ಪ್ರಯಾಣಗಳಲ್ಲಿ ಈ ಗಾಳಿಯ ಪರಿಣಾಮ ಬಹುಮಟ್ಟಿಗೆ ಅಡ್ಡಲಾಗಿ ಬರುವುದರಿಂದ ಹೋಗುವ ಮತ್ತು ಬರುವ ಸಮಯಗಳು ಹತ್ತಿರ ಹತ್ತಿರ ಇರುತ್ತವೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. 5,540 ಕಿ.ಮೀ.ಗೆ ಶೇಕಡಾ 3 ಸೇರಿಸಿ ದುಂಡಾಗಿ 5,700 ಕಿ.ಮೀ. ಎಂದು ಹಿಡಿಯಿರಿ. ಸರಾಸರಿ ಗಾಳಿ ಗಂಟೆಗೆ 90 ಕಿ.ಮೀ. ಇದೆಯೆಂದುಕೊಂಡರೆ, ಪಶ್ಚಿಮಕ್ಕೆ 810 ಕಿ.ಮೀ. ವೇಗದಲ್ಲಿ 7 ಗಂಟೆ 2 ನಿಮಿಷ, ಪೂರ್ವಕ್ಕೆ 990 ಕಿ.ಮೀ. ವೇಗದಲ್ಲಿ 5 ಗಂಟೆ 45 ನಿಮಿಷ ಬೇಕಾಗುತ್ತದೆ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ವಾಪಸಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ 12 ಗಂಟೆ 40 ನಿಮಿಷ ಆಗುತ್ತಿತ್ತು, ಈಗ 12 ಗಂಟೆ 47 ನಿಮಿಷ ಆಗುತ್ತದೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ ಎಂಬುದೇ ಇದಕ್ಕೆ ಕಾರಣ.

## ಹಂತ 6: ಏರುವ, ಇಳಿಯುವ ಮತ್ತು ನೆಲದ ಮೇಲೆ ಚಲಿಸುವ ಹೊತ್ತನ್ನು ಕೂಡಿಸಿ

ಏರುವಾಗ ಮತ್ತು ಇಳಿಯುವಾಗ ವೇಗ ಕಡಿಮೆ. ಅನೇಕ ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಎಂಬ ಮಿತಿಯಿದೆ. ಇದಕ್ಕಾಗಿ 15ರಿಂದ 20 ನಿಮಿಷ ಸೇರಿಸಿ. ಗೇಟಿನಿಂದ ರನ್‌ವೇಗೆ, ಮತ್ತೆ ಇಳಿದ ಮೇಲೆ ರನ್‌ವೇಯಿಂದ ಗೇಟಿಗೆ ಸಾಗಲು ಒಟ್ಟು 20ರಿಂದ 30 ನಿಮಿಷ ಸೇರಿಸಿ. ಟಿಕೆಟ್ಟಿನಲ್ಲಿರುವುದು ಗೇಟು ಬಿಟ್ಟು ಗೇಟು ಸೇರುವವರೆಗಿನ ಬ್ಲಾಕ್ ಟೈಮ್ ಆದ್ದರಿಂದ, ಗಾಳಿಯಲ್ಲಿದ್ದ ಹೊತ್ತನ್ನು ಅದರೊಡನೆ ನೇರವಾಗಿ ಹೋಲಿಸಬಾರದು. ನಮ್ಮ ಉದಾಹರಣೆಗೆ 20 ಮತ್ತು 30 ನಿಮಿಷ ಕೂಡಿಸಿದರೆ ಪಶ್ಚಿಮಕ್ಕೆ ಸುಮಾರು 7 ಗಂಟೆ 50 ನಿಮಿಷ, ಪೂರ್ವಕ್ಕೆ 6 ಗಂಟೆ 35 ನಿಮಿಷ.

ಕಡಿಮೆ ದೂರದ ಪ್ರಯಾಣದಲ್ಲಿ ಈ ಹಂತವೇ ಮುಖ್ಯ. 400 ಕಿ.ಮೀ. ದೂರವನ್ನು 830ರಿಂದ ಭಾಗಿಸಿದರೆ 29 ನಿಮಿಷ ಎಂದು ಬರುತ್ತದೆ, ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಮಿಕ್ಕಿ ಬರೆದಿರುತ್ತದೆ. ದಾರಿಗೆ ಶೇಕಡಾ 10 ಸೇರಿಸಿ 440 ಕಿ.ಮೀ. ಮಾಡಿದರೆ 32 ನಿಮಿಷ, ಏರಿಳಿತಕ್ಕೆ 18, ನೆಲಕ್ಕೆ 20 ಎಂದರೆ 70 ನಿಮಿಷ. ಲೆಕ್ಕ ಹೊಂದುತ್ತದೆ.

## ಹಂತ 7: ಈಗ ಮಾತ್ರ ಗಡಿಯಾರವನ್ನು ಮುಟ್ಟಿ

ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಎರಡನ್ನೂ ನೇರವಾಗಿ ಕಳೆಯಬಾರದು. ಕ್ರಮ ಹೀಗಿದೆ:

1. ಹೊರಡುವ ಸ್ಥಳೀಯ ವೇಳೆಯನ್ನು ದಿನಾಂಕದೊಡನೆ ಯುಟಿಸಿಗೆ, ಅಂದರೆ ಎಲ್ಲ ಸಮಯವಲಯಗಳಿಗೂ ಆಧಾರವಾದ ವಿಶ್ವ ಪ್ರಮಾಣ ವೇಳೆಗೆ, ಬದಲಿಸಿ.
2. ಅದಕ್ಕೆ ಪ್ರಯಾಣದ ಸಮಯವನ್ನು ಕೂಡಿಸಿ.
3. ಬಂದ ಯುಟಿಸಿ ವೇಳೆಯನ್ನು ತಲುಪುವ ಊರಿನ ಸ್ಥಳೀಯ ವೇಳೆಗೆ ಬದಲಿಸಿ, ದಿನಾಂಕವನ್ನೂ ಬರೆಯಿರಿ.

ಡಿಸೆಂಬರಿನ ಒಂದು ಸಂಜೆ 8 ಗಂಟೆಗೆ ಆಕ್ಲೆಂಡಿನಿಂದ ಲಾಸ್ ಏಂಜಲೀಸ್‌ಗೆ ಹೊರಟಿರೆಂದು ಭಾವಿಸಿ. ಆಗ ಆಕ್ಲೆಂಡ್ ಯುಟಿಸಿಗಿಂತ 13 ಗಂಟೆ ಮುಂದಿರುತ್ತದೆ, ಲಾಸ್ ಏಂಜಲೀಸ್ 8 ಗಂಟೆ ಹಿಂದಿರುತ್ತದೆ. ಹೊರಟದ್ದು ಯುಟಿಸಿ ಬೆಳಿಗ್ಗೆ 7ಕ್ಕೆ. ಸುಮಾರು 12 ಗಂಟೆಯ ಹಾರಾಟ ಸೇರಿಸಿದರೆ ಯುಟಿಸಿ ಸಂಜೆ 7. ಲಾಸ್ ಏಂಜಲೀಸ್‌ನಲ್ಲಿ ಅದು ಅದೇ ದಿನಾಂಕದ ಬೆಳಿಗ್ಗೆ 11 ಗಂಟೆ. ಹೊರಟ ವೇಳೆಗಿಂತ ಮುಂಚೆಯೇ ತಲುಪಿದಂತೆ ಕಾಣುವ ಈ ಉತ್ತರ ಸರಿಯಾದದ್ದೇ. ದಿನಾಂಕ ರೇಖೆಯನ್ನು ಪೂರ್ವಕ್ಕೆ ದಾಟಿದಾಗ ಹೀಗಾಗುತ್ತದೆ. ಇದನ್ನು ತಪ್ಪೆಂದು ಭಾವಿಸಿ ಒಂದು ದಿನ ಕೂಡಿಸಿಬಿಡುವವರು ಹೋಟೆಲನ್ನು ಮರುದಿನಕ್ಕೆ ಕಾಯ್ದಿರಿಸಿಬಿಡುತ್ತಾರೆ.

ಎಲ್ಲ ವಲಯಗಳೂ ಪೂರ್ಣ ಗಂಟೆಯ ಅಂತರದಲ್ಲಿಲ್ಲ. ಭಾರತ ಯುಟಿಸಿಗಿಂತ ಐದೂವರೆ ಗಂಟೆ, ನೇಪಾಳ ಐದೂ ಮುಕ್ಕಾಲು ಗಂಟೆ ಮುಂದಿದೆ. ಇನ್ನು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳ ವಿಷಯ. ಅಮೆರಿಕ ಇದನ್ನು ಮಾರ್ಚ್ ತಿಂಗಳ ಎರಡನೆಯ ಭಾನುವಾರ ಮಾಡುತ್ತದೆ, ಬ್ರಿಟನ್ ಮಾರ್ಚ್ ತಿಂಗಳ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಅಂತರ 5 ಗಂಟೆಯ ಬದಲು 4 ಗಂಟೆ. ಶರತ್ಕಾಲದಲ್ಲಿಯೂ ಬ್ರಿಟನ್ ಅಕ್ಟೋಬರಿನ ಕೊನೆಯ ಭಾನುವಾರ, ಅಮೆರಿಕ ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಬರುವುದರಿಂದ ಒಂದು ವಾರ ಇದೇ ಸ್ಥಿತಿ. ಆರಂಭದಲ್ಲಿಯೇ ಪ್ರಯಾಣದ ದಿನಾಂಕ ಬೇಕೆಂದು ಹೇಳಿದ್ದು ಇದಕ್ಕಾಗಿ.

ಟಿಕೆಟ್ಟಿನ ವೇಳೆಗಳಿಂದ ಹಿಂದಕ್ಕೆ ಲೆಕ್ಕ ಹಾಕುವವರಿಗೆ ಒಂದು ಒಳ್ಳೆಯ ಉಪಾಯವಿದೆ. ಲಂಡನ್ನಿನಿಂದ ಬೆಳಿಗ್ಗೆ 11ಕ್ಕೆ ಹೊರಟು ನ್ಯೂಯಾರ್ಕಿಗೆ ಮಧ್ಯಾಹ್ನ 1:50ಕ್ಕೆ ತಲುಪುವ ವಿಮಾನದಲ್ಲಿ ಗಡಿಯಾರದ ಅಂತರ 2 ಗಂಟೆ 50 ನಿಮಿಷ. ಅಲ್ಲಿಂದ ರಾತ್ರಿ 8ಕ್ಕೆ ಹೊರಟು ಮರುದಿನ ಬೆಳಿಗ್ಗೆ 7:35ಕ್ಕೆ ಲಂಡನ್ ತಲುಪುವ ವಿಮಾನದಲ್ಲಿ 11 ಗಂಟೆ 35 ನಿಮಿಷ. ಎರಡನ್ನೂ ಕೂಡಿದರೆ 14 ಗಂಟೆ 25 ನಿಮಿಷ, ಇದು ಎರಡೂ ಹಾರಾಟಗಳ ನಿಜವಾದ ಒಟ್ಟು ಸಮಯ. ಒಂದು ದಿಕ್ಕಿನಲ್ಲಿ ಕಳೆದುಹೋದ ವಲಯದ ಅಂತರ ಇನ್ನೊಂದು ದಿಕ್ಕಿನಲ್ಲಿ ಕೂಡಿಕೊಂಡು ತಾನಾಗಿಯೇ ರದ್ದಾಗುತ್ತದೆ. ಸಮಯವಲಯ ತಿಳಿಯದಿದ್ದರೂ ಸರಾಸರಿ ಪ್ರಯಾಣದ ಸಮಯ ಹೀಗೆ ಸಿಗುತ್ತದೆ.

## ಹಂತ 8: ನಡುವೆ ನಿಲುಗಡೆ ಇದ್ದರೆ

ಮೂರನೆಯ ಊರಿನಲ್ಲಿ ವಿಮಾನ ಬದಲಿಸುವುದಿದ್ದರೆ ಎರಡು ತುಂಡುಗಳಿಗೂ ಮೊದಲಿನಿಂದ ಆರನೆಯವರೆಗಿನ ಹಂತಗಳನ್ನು ಪ್ರತ್ಯೇಕವಾಗಿ ಮಾಡಿ, ನಡುವೆ ಕಾಯುವ ಹೊತ್ತನ್ನು ಕೂಡಿಸಿ. ಡೈರೆಕ್ಟ್ ಎಂದು ಬರೆದಿರುವ ವಿಮಾನವೂ ನಡುವೆ ಇಳಿಯಬಹುದು. ವಿಮಾನಯಾನ ಸಂಸ್ಥೆಗಳ ಬಳಕೆಯಲ್ಲಿ ಒಂದೇ ಸಂಖ್ಯೆಯಡಿ ಹೋಗುವುದು ಡೈರೆಕ್ಟ್, ಎಲ್ಲಿಯೂ ಇಳಿಯದೆ ಹೋಗುವುದು ನಾನ್‌ಸ್ಟಾಪ್. ಬದಲಿ ವಿಮಾನ ಅದೇ ನಗರದ ಇನ್ನೊಂದು ನಿಲ್ದಾಣದಿಂದ ಹೊರಡುವುದಾದರೆ ನಗರದೊಳಗಿನ ರಸ್ತೆ ಪ್ರಯಾಣವನ್ನೂ ಸೇರಿಸಬೇಕಾಗುತ್ತದೆ, ಆದ್ದರಿಂದ ಎರಡೂ ಟಿಕೆಟ್ಟುಗಳಲ್ಲಿ ಮೂರು ಅಕ್ಷರದ ಸಂಕೇತ ಒಂದೇ ಆಗಿದೆಯೇ ಎಂದು ನೋಡಿಕೊಳ್ಳಿ.

## ಹಂತ 9: ಉತ್ತರವನ್ನು ಒರೆಗೆ ಹಚ್ಚಿ

ಕೆಳಗಿನ ಯಾವುದಾದರೂ ಲಕ್ಷಣ ಕಂಡರೆ ಉತ್ತರವನ್ನು ಬಳಸದೆ ಹಿಂದಿನ ಹಂತಕ್ಕೆ ಹೋಗಿ.

ದೂರ 20,015 ಕಿ.ಮೀ.ಗಿಂತ ಹೆಚ್ಚಾಗಿದ್ದರೆ ಅದು ಖಂಡಿತ ತಪ್ಪು, ಏಕೆಂದರೆ ಈ ಸೂತ್ರದ ಪ್ರಕಾರ ಭೂಮಿಯ ಮೇಲೆ ಯಾವ ಎರಡು ಬಿಂದುಗಳೂ ಅದಕ್ಕಿಂತ ದೂರ ಇರಲಾರವು. ಸಿಂಗಪುರ ಮತ್ತು ನ್ಯೂಯಾರ್ಕ್ ನಡುವಿನ, ನಿಗದಿತ ವಿಮಾನಗಳಲ್ಲಿ ಅತಿ ದೀರ್ಘವಾದವುಗಳಲ್ಲೊಂದಾದ ಪ್ರಯಾಣವೇ ಸುಮಾರು 15,300 ಕಿ.ಮೀ., ಸಮಯ ಹದಿನೆಂಟೂವರೆ ಗಂಟೆಗಿಂತ ತುಸು ಹೆಚ್ಚು. ನಿಮ್ಮ ನಾನ್‌ಸ್ಟಾಪ್ ಪ್ರಯಾಣದ ಲೆಕ್ಕ 20 ಗಂಟೆ ದಾಟಿದ್ದರೆ ಸಮಯವಲಯದ ಅಂತರ ಅದರೊಳಗೆ ಸೇರಿಕೊಂಡಿರಬೇಕು.

ದಿನಾಂಕ ರೇಖೆಯ ಎರಡು ಬದಿಯ ಊರುಗಳಲ್ಲಿ ರೇಖಾಂಶಗಳ ವ್ಯತ್ಯಾಸ 180 ಡಿಗ್ರಿಗಿಂತ ಹೆಚ್ಚು ಬರುತ್ತದೆ. ಆಕ್ಲೆಂಡಿನ 174.8 ಪೂರ್ವ ಮತ್ತು ಲಾಸ್ ಏಂಜಲೀಸ್‌ನ 118.4 ಪಶ್ಚಿಮದ ನಡುವೆ ಅದು 293.2. ಹ್ಯಾವರ್‌ಸೈನ್ ಸೂತ್ರ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕೈಲೆಕ್ಕದಲ್ಲಿ ನೀವೇ 360ರಿಂದ ಕಳೆದು 66.8 ಮಾಡಿಕೊಳ್ಳಬೇಕು.

ನೇರ ದೂರವನ್ನು ಬ್ಲಾಕ್ ಟೈಮ್‌ನಿಂದ ಭಾಗಿಸಿ ನೋಡಿ. ಐದು ಸಾವಿರ ಕಿ.ಮೀ.ಗಿಂತ ಉದ್ದದ ಜೆಟ್ ಪ್ರಯಾಣದಲ್ಲಿ ಇದು ಸಾಮಾನ್ಯವಾಗಿ 680ರಿಂದ 880ರ ನಡುವೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಪಶ್ಚಿಮಕ್ಕೆ 707, ಪೂರ್ವಕ್ಕೆ 842. ಸಾವಿರ ದಾಟಿದರೆ ಗಡಿಯಾರದಲ್ಲಿ ತಪ್ಪಿದೆ. ಆರುನೂರಕ್ಕಿಂತ ಕೆಳಗಿದ್ದರೆ ದಾರಿಯಲ್ಲಿ ದೊಡ್ಡ ಸುತ್ತು ಇದೆ, ಇಲ್ಲವೇ ನಡುವೆ ಎಲ್ಲೋ ಇಳಿಯುವ ವಿಮಾನವದು.

ಕೊನೆಯದಾಗಿ, ಅದೇ ವಿಮಾನ ಸಂಖ್ಯೆಯ ಹಿಂದಿನ ಒಂದು ವಾರದ ನಿಜವಾದ ಹಾರಾಟದ ಸಮಯಗಳನ್ನು ತೆರೆದು, ಅವುಗಳಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚಿನದನ್ನು ಗುರುತಿಸಿ. ಇವು ಬಹುತೇಕ ಗಾಳಿಯಲ್ಲಿದ್ದ ಹೊತ್ತನ್ನಷ್ಟೇ ತೋರಿಸುವುದರಿಂದ, ಹೋಲಿಸುವ ಮೊದಲು ನಿಮ್ಮ ಲೆಕ್ಕದಿಂದ ನೆಲದ ಮೇಲಿನ 20ರಿಂದ 30 ನಿಮಿಷಗಳನ್ನು ತೆಗೆಯಿರಿ. ನಿಮ್ಮ ಉತ್ತರ ಆ ಎರಡರ ನಡುವೆ ಬಿದ್ದರೆ ಲೆಕ್ಕ ಸರಿಯಿದೆ. ಹೊರಗೆ ಬಿದ್ದರೆ ಮೊದಲು ಗಾಳಿಯ ಅಂದಾಜನ್ನು, ಆಮೇಲೆ ದಾರಿಗೆ ಸೇರಿಸಿದ ಶೇಕಡಾವಾರನ್ನು ತಿದ್ದಿ. ಪ್ರಯಾಣ ಬೇರೆ ಋತುವಿನಲ್ಲಿದ್ದರೆ ಆ ಋತುವಿನ ವೇಳಾಪಟ್ಟಿಯೊಡನೆಯೇ ಹೋಲಿಸಿ: ಜನವರಿಯ ಗಾಳಿಯ ಮೇಲೆ ನಿಂತ ಲೆಕ್ಕ ಜುಲೈ ತಿಂಗಳ ಟಿಕೆಟ್ಟಿಗೆ ಹೊಂದುವುದಿಲ್ಲ.